ಜಾಲಿಮುಳ್ಳು ಬ್ಯಾಂಡಿನ ನಾಲ್ಕನೇ ವಾಲ್ಯೂಮ್

ಸುರಪುರದ ಮೈದಾನದಲ್ಲಿ ಇನ್ನೂ ಹೊತ್ತು ಹುಟ್ಟಿಲ್ಲ. ನಿನ್ನೆ ಸಂಜೆ ಕುಣಿದು ಹೋದ ಜನ ಬಿಟ್ಟ ಶೇಂಗಾ ಸಿಪ್ಪೆ, ನೀರಿನ ಬಾಟಲಿಗಳ ನಡುವೆ ಒಬ್ಬರೇ ಕುಕ್ಕರಗಾಲಲ್ಲಿ ಕುಳಿತು ವೈರು ಸುತ್ತುತ್ತಿದ್ದಾರೆ. ಒಂದು ಸುತ್ತು ಮೇಲಿನಿಂದ, ಒಂದು ಸುತ್ತು ಒಳಗಿನಿಂದ. ಇಬ್ಬನಿಗೆ ನೆನೆದ ವೈರನ್ನು ಹೆಗಲ ಮೇಲಿನ ಟವೆಲ್ಲಿನಲ್ಲಿ ಒರೆಸಿ, ಹಳೆ ಸೀರೆಯ ದಡಿಯಿಂದ ಕಟ್ಟಿ ಪೆಟ್ಟಿಗೆಗೆ ಇಳಿಸುತ್ತಾರೆ. ಮೊಳಕೈಗೆ ಸುತ್ತಿದರೆ ಬೇಗ ಮುಗಿಯುತ್ತದಲ್ಲ ಎಂದು ಮೈದಾನ ಗುಡಿಸಲು ಬಂದ ಮೋನಮ್ಮ ಕೇಳಿದ್ದೇ ತಡ, ಸಿಡಿಯುತ್ತಾರೆ.

"ಎಮ್ಮಿ ಹಗ್ಗ ಅಲ್ಲ ತಾಯಿ ಇದು! ಮೊಳಕೈಗೆ ಸುತ್ತಿದ್ರ ಒಳಗಿನ ಎಳಿ ಹರೀತಾವ. ಆಮ್ಯಾಲ ಸ್ಟೇಜಿನ್ಯಾಗ ಗೊರಗೊರ ಅಂದ್ರ ಬೈಸ್ಕೊಳ್ಳಾಂವ ಯಾರು? ನಾನs."

ಇವರು ಕಾಂತೇಶ. ವಯಸ್ಸು ನಲವತ್ತೆಂಟು. ಶಹಾಪುರದಲ್ಲಿ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇದೆ. ಕಾರ್ಯಕ್ರಮ ಇದ್ದ ದಿನ ಅಂಗಡಿಗೆ ಬೀಗ ಜಡಿದು 'ಜಾಲಿಮುಳ್ಳು' ರಾಕ್ ಬ್ಯಾಂಡಿನ ಸೌಂಡ್ ನೋಡಿಕೊಳ್ಳುತ್ತಾರೆ. ಯಾದಗಿರಿ ಜಿಲ್ಲೆಯಲ್ಲಿ ರಾಕ್ ಬ್ಯಾಂಡೇ ಎಂದು ಹುಬ್ಬೇರಿಸುವವರು ಹುಣಸಗಿ ಬಸ್ಸಿನಲ್ಲಿ ಒಮ್ಮೆ ಕೂತು ನೋಡಲಿ. ಹತ್ತು ಮೊಬೈಲಿನಲ್ಲಿ ನಾಲ್ಕರಲ್ಲಾದರೂ ಈ ಬ್ಯಾಂಡಿನ 'ಕಾಲುವಿ ಕಡೀ ಹೊಲ' ಹಾಡು ಮೊಳಗುತ್ತಿರುತ್ತದೆ. ಪ್ರತಿ ಕಾರ್ಯಕ್ರಮಕ್ಕೆ ಮೂವತ್ತೆಂಟು ವೈರು, ಅರವತ್ತು ಕಿಲೋ ತೂಗುವ ಎಂಟು ಸ್ಪೀಕರ್ ಡಬ್ಬಿ, ಮೇಲೆ ಕೆಳಗೆ ಸರಿಯುವ ಹದಿನಾರು ವಾಲ್ಯೂಮ್ ಗುಂಡಿಗಳ, ಎಲ್ಲರ ಸದ್ದು ಬೆರೆಸುವ ಒಂದು ಮಿಕ್ಸರ್. ಇಷ್ಟೂ ಕಾಂತೇಶರ ಉಸ್ತುವಾರಿ. ಬ್ಯಾಂಡಿನ ಪೋಸ್ಟರಿನಲ್ಲಿ ನಾಲ್ಕು ಮುಖಗಳಿವೆ, ಇವರದಿಲ್ಲ.

ಆ ಬ್ಯಾಂಡು ಕಟ್ಟಿದ್ದೇ ಇವರು ಎಂದರೆ ಇವತ್ತಿನ ಹುಡುಗರು ನಂಬುವುದಿಲ್ಲ.

ಎರಡು ಸಾವಿರದ ಎರಡರ ಮಾತು. ಕಾಂತೇಶ ಹೈದರಾಬಾದಿನಿಂದ ಕೆಂಪು ಬಣ್ಣದ ಹಳೆ ಎಲೆಕ್ಟ್ರಿಕ್ ಗಿಟಾರೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ತಂದರು. ಬಿ.ಎಡ್. ಓದುತ್ತಿದ್ದ ಗೆಳೆಯ ಅರುಣಕುಮಾರ ಹಾಡಲು ನಿಂತರು, ರಾಮಲಿಂಗ ಡ್ರಮ್ಮಿಗೆ ಕೂತರು. ಮನೆಯಲ್ಲಿ ಈ ಗದ್ದಲ ಯಾರು ಸಹಿಸುತ್ತಾರೆ? ಊರ ಹೊರಗಿನ ಜಾಲಿಮರದ ಕೆಳಗೆ ಅಭ್ಯಾಸ, ಹೆಸರೂ ಅಲ್ಲಿಂದಲೇ ಬಂತು. ಯಾದಗಿರಿಯಲ್ಲಿ ಮೊದಲ ಕಾರ್ಯಕ್ರಮ. ಎರಡು ಹಾಡು ಮುಗಿಯುವಷ್ಟರಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ಬರಾತ್ ಯಾವಾಗ ಬರ್ತದಪಾ? ಮದುಮಗ ಎಲ್ಲಿ?" ಎಂದು ಕೇಳಿದರಂತೆ. ಹೀಗೆ ಬಿದ್ದೂ ಎದ್ದೂ ಹದಿನೈದು ವರ್ಷ ಬ್ಯಾಂಡು ನಡೆಯಿತು. ಗಿಟಾರು ಎಂದರೆ ಕಾಂತೇಶ, ಕಾಂತೇಶ ಎಂದರೆ ಗಿಟಾರು.

ಈ ನಡುವೆ ಸಗರದ ಶಿವಲೀಲಾ ಬಂದರು. ಕುರಿ ಸಾಕುವ ಮನೆಯ ಹುಡುಗಿ, ಶಹಾಪುರಕ್ಕೆ ಕಾಲೇಜಿಗೆ ಬರುತ್ತಿದ್ದರು. ಅಂಗಡಿಯ ಬಾಗಿಲಲ್ಲಿ ನಿಂತು, "ಅಣ್ಣಾರ, ನನಗೂ ಕಲಿಸ್ರಿ" ಎಂದರು. ಕಾಂತೇಶ ಭಾನುವಾರಕ್ಕೊಮ್ಮೆ ತಗಡಿನ ಮಾಡಿನ ಕೆಳಗೆ ಕೂರಿಸಿಕೊಂಡು ಕಲಿಸಿದರು. ಎರಡನೇ ವರ್ಷಕ್ಕೆ ಶಿಷ್ಯೆಯ ಬೆರಳು ಗುರುವಿನ ಬೆರಳನ್ನು ಹಿಂದೆ ಹಾಕಿತು. ಕಾಂತೇಶ ಅದನ್ನು ಎಲ್ಲರಿಗಿಂತ ಮೊದಲು ಕಂಡವರು, ಎಲ್ಲರಿಗಿಂತ ತಡವಾಗಿ ಒಪ್ಪಿಕೊಂಡವರು.

'ಕಾಲುವಿ ಕಡೀ ಹೊಲ' ಹಾಡು ಹುಟ್ಟಿದ್ದು ಆಗಲೇ. ಕಾಲುವೆಯ ತುದಿಯ ಹೊಲಕ್ಕೆ ನೀರು ಬರುವುದನ್ನು ಕಾಯುವ ಹಾಡು. ನಡುವೆ ಗಿಟಾರು ಒಂದೇ ಉಸಿರಿಗೆ ಓಡಬೇಕು. ಕಾಂತೇಶರ ಕೈಗೆ ಅದು ಬಗ್ಗಲಿಲ್ಲ. ಅರುಣಕುಮಾರ ಮೆತ್ತಗೆ ಹೇಳಿದರು: "ಕಾಂತ್ಯಾ, ಇದೊಂದು ಹಾಡಿಗೆ ಆಕಿ ಬಾರಿಸ್ಲಿ." ಒಂದು ಎರಡಾಯಿತು, ಎರಡು ಆರಾಯಿತು. ಅದೇ ಹೊತ್ತಿಗೆ ಸೌಂಡಿನವನು ಕೆಲಸ ಬಿಟ್ಟ. "ನಿನ್ನಂಥ ಕಿವಿ ಯಾರಿಗದ ಮಾರಾಯಾ? ಮಿಕ್ಸರ್ ನೀನೇ ನೋಡ್ಕೋ" ಎಂದು ಗೆಳೆಯರು ಹೊಗಳಿ ಹೊಗಳಿಯೇ ಕೆಳಗಿಳಿಸಿದರು. ಕೆಂಪು ಗಿಟಾರನ್ನೂ ಕಾಂತೇಶರೇ ಕೈಯಾರೆ ಶಿವಲೀಲಾಗೆ ಕೊಟ್ಟರು. ಎಲ್ಲರೂ ಚಪ್ಪಾಳೆ ಹೊಡೆದರು.

"ದೊಡ್ಡ ಮನಸ್ಸು ಅಂದ್ರು ಎಲ್ಲಾರೂ. ಮನಸ್ಸು ಎಲ್ಲಿ ದೊಡ್ಡದ್ರಿ? ಮನಿಗೆ ಬಂದು ಎರಡು ದಿನ ಉಂಡಿಲ್ಲ ನಾ" ಎನ್ನುತ್ತಾರೆ ಕಾಂತೇಶ.

ಹೆಂಡತಿ ಪರಿಮಳಾ ನಗುತ್ತಾರೆ. "ಆ ಹುಡುಗಿ ಹೆಸರು ತಗೊಂಡ್ರ ಸಾಕ್ರಿ, ಹಾಗಲಕಾಯಿ ಕಡದಂಗ ಮುಖ. ಟಿವ್ಯಾಗ ಆಕಿ ಬಂದ್ಲು ಅಂದ್ರ ಪಟ್ನ ಎದ್ದು ಎಮ್ಮಿಗೆ ನೀರು ಕುಡಸಾಕ ಹೋಗಾವ್ರು. ನಮ್ಮನ್ಯಾಗ ಎಮ್ಮೀನೇ ಇಲ್ಲ!"

ಇಷ್ಟೇ ಆಗಿದ್ದರೆ ಇದು ನಗೆಯ ಮಾತಾಗಿ ಮುಗಿಯುತ್ತಿತ್ತು. ಆದರೆ ಈ ಅಂಕಣದ ಹೆಸರು 'ಎಲೆಮರೆಯ ಕಾಯಿ' ಎಂದು ಹೇಳಿದಾಗ ಕಾಂತೇಶ ಕೈಯಲ್ಲಿನ ವೈರು ಕೆಳಗಿಟ್ಟರು.

"ಎಲಿಮರಿ ಕಾಯಿ ನಾ ಅಲ್ರಿ. ಕಾಯಿ ಆಕಿ. ಮುಚ್ಚಿಟ್ಟ ಎಲಿ ನಾನು. ಬರಿಯೂದಾದ್ರ ಇದನ್ನ ಬರೀರಿ, ಇಲ್ಲಂದ್ರ ಏನೂ ಬ್ಯಾಡ."

ನಡೆದದ್ದು ಇದು. ಬ್ಯಾಂಡಿನ ಸದ್ದು ಎರಡು ಕಡೆ ಹೋಗುತ್ತದೆ. ದೊಡ್ಡ ಡಬ್ಬಿಗಳು ಜನರ ಕಡೆ ಮುಖ ಮಾಡಿರುತ್ತವೆ. ಬಾರಿಸುವವರಿಗೆ ತಮ್ಮದು ತಮಗೆ ಕೇಳಲೆಂದು ಸಣ್ಣ ಡಬ್ಬಿಗಳು ವೇದಿಕೆಯ ಕಡೆ ತಿರುಗಿರುತ್ತವೆ. ಎರಡಕ್ಕೂ ಬೇರೆ ಬೇರೆ ವಾಲ್ಯೂಮ್, ಎರಡೂ ಕಾಂತೇಶರ ಬೆರಳ ತುದಿಯಲ್ಲಿ. ಜನರ ಕಡೆ ಹೋಗುವ ನಾಲ್ಕನೇ ವಾಲ್ಯೂಮು ಗಿಟಾರಿನದು. ಅದನ್ನು ಅವರು ಒಂದು ಬೆರಳಿನಷ್ಟು ಕೆಳಗೆ ಇಟ್ಟರು. ವೇದಿಕೆಯ ಮೇಲೆ ಶಿವಲೀಲಾಗೆ ತಮ್ಮ ಗಿಟಾರು ಗಟ್ಟಿಯಾಗಿಯೇ ಕೇಳುತ್ತಿತ್ತು, ಅನುಮಾನ ಬರಲು ದಾರಿಯೇ ಇರಲಿಲ್ಲ. ಕೆಳಗೆ ಜನ ಅರುಣಕುಮಾರರ ದನಿಗೆ, ರಾಮಲಿಂಗರ ಡ್ರಮ್ಮಿಗೆ ಕುಣಿದರು. ಗಿಟಾರು ಎಲ್ಲೋ ದೂರದಲ್ಲಿ ಮಿಡಿಯುತ್ತಿತ್ತು. ಹೀಗೆ ಒಂದು ದಿನವಲ್ಲ, ಎರಡು ದಿನವಲ್ಲ, ಆರು ವರ್ಷ.

"ಬಂದ್ ಮಾಡಿದ್ರ ಸಿಕ್ಕಿಬೀಳ್ತಿದ್ದೆ. ಜರಾ ಕಮ್ಮಿ, ಅಷ್ಟs. ಮನಿಗೆ ಹೋಗಿ ಆರಾಮ ಮಲಗತಿದ್ದೆ. ನನಗಿಂತ ಹಲ್ಕಾ ಮನುಷ್ಯಾ ಇದ್ದನೇನ್ರಿ?"

ಕಳೆದ ವರ್ಷ ದೇವಾಪುರದ ಕಾರ್ಯಕ್ರಮಕ್ಕೆ ಶಿವಲೀಲಾರ ತಾಯಿ ಗುರುಲಿಂಗಮ್ಮ ಮೊದಲ ಬಾರಿ ಬಂದರು. ಕುರಿಗಳನ್ನು ಮೈದುನನಿಗೆ ಒಪ್ಪಿಸಿ, ಇಳಕಲ್ ಸೀರೆ ಉಟ್ಟು, ಜನರ ನಡುವೆ ಕೂತು ಮಗಳನ್ನೇ ನೋಡಿದರು. ಮುಗಿದ ಮೇಲೆ ಮಗಳ ಕೈ ಹಿಡಿದು ಕೇಳಿದರು: "ಕೈ ಆಡ್ಸಿದ್ದು ಕಾಣ್ತವ್ವಾ, ಬಾರ್ಸಿದ್ದು ಕೇಳಲಿಲ್ಲ. ಎಲ್ಲಾರೂ ಬಾರ್ಸೂವಾಗ ನೀ ಯಾಕ ಸುಮ್ಮನಿದ್ದಿ?"

ಹೆತ್ತ ತಾಯಿ ಸುಳ್ಳು ಹೇಳುತ್ತಾಳೆಯೇ? ತನ್ನ ಬೆರಳಲ್ಲೇ ಬಲವಿಲ್ಲ ಎಂದುಕೊಂಡರು ಶಿವಲೀಲಾ. ಮುಂದಿನ ಮೂರು ಕಾರ್ಯಕ್ರಮಗಳಲ್ಲಿ ತಂತಿಯನ್ನು ಜಗ್ಗಿ ಜಗ್ಗಿ ಬಾರಿಸಿದರು. ಬೆರಳು ಸೀಳಿ ರಕ್ತ ಬಂತು. ಆದರೂ ಕೆಳಗಿನ ಜನರಿಗೆ ಕೇಳಿದ್ದು ಮೊದಲಿನಷ್ಟೇ. ಆಮೇಲೊಂದು ಮಧ್ಯಾಹ್ನ ಬೆರಳಿಗೆಲ್ಲ ಪಟ್ಟಿ ಸುತ್ತಿಕೊಂಡು ಕಾಂತೇಶರ ಅಂಗಡಿಗೆ ಬಂದರು. ಕೆಂಪು ಗಿಟಾರನ್ನು ಮೇಜಿನ ಮೇಲೆ ಮಲಗಿಸಿದರು.

"ಅಣ್ಣಾರ, ನಿಮ್ದು ನಿಮಗ ತಂದೀನಿ. ನೀವು ಎಷ್ಟ ಚಂದ ಕಲಿಸಿದ್ರೂ ನನ್ನ ಕೈಯಾಗ ಅದು ಇಲ್ಲ. ಇನ್ನ ಬಿಡ್ತೀನ್ರಿ."

ಗಿಟಾರು ಕೈಬಿಟ್ಟ ದಿನದಿಂದ, ಏಳು ವರ್ಷ, ಕಾಂತೇಶ ಕನಸಿನಲ್ಲೂ ಕಾದಿದ್ದ ಗಳಿಗೆ ಅದು. ಗಿಟಾರು ಬಂದಿದೆ, ಜಾಗ ತೆರವಾಗಿದೆ, ಅದೂ ಶಿವಲೀಲಾ ತಾವಾಗಿಯೇ ತಂದುಕೊಟ್ಟಿದ್ದಾರೆ. ಹೂಂ ಎಂದರೆ ಮುಗಿಯಿತು. ಕಾಂತೇಶ ಕೈ ಚಾಚಿದರು. ಗಿಟಾರಿನ ಹಿಡಿಕೆಯ ತುಂಬ ರಕ್ತದ ಕಲೆ ಒಣಗಿ ಕಪ್ಪಾಗಿತ್ತು.

"ಖರೇ ಹೇಳ್ತೀನ್ರಿ, ಆಗ್ಲೂ ಒಂದು ಗಳಿಗಿ ತಗೊಂಡು ಬಿಡ್ಲಿ ಅನಿಸ್ತು. ಆಮ್ಯಾಲ ಆ ರಕ್ತದ ಕಲಿ ನೋಡಿದೆ. ಬಾಯಿ ತಾನಾಗೇ ಬಿಚ್ಚಿತು. ಬಲ ನಿನ್ನ ಕೈಯಾಗ ಬೇಕಾದಷ್ಟದ ತಂಗಿ, ಕಮ್ಮಿ ಮಾಡಿದಾಂವ ನಾನು ಅಂದೆ."

ಶಿವಲೀಲಾ ಬೈಯಲಿಲ್ಲ, ಅಳಲೂ ಇಲ್ಲ. "ಎಷ್ಟು ವರ್ಷ?" ಎಂದು ಒಂದೇ ಮಾತು ಕೇಳಿದರು. ಆರು ಎಂದರು ಕಾಂತೇಶ. ಶಿವಲೀಲಾ ಗಿಟಾರು ಎತ್ತಿಕೊಂಡು ಹೊರಟೇಹೋದರು. ವಿಷಯ ತಿಳಿದ ಅರುಣಕುಮಾರ ಕೂಗಾಡಿ, ಇಂಥವನು ಬ್ಯಾಂಡಿಗೆ ಬೇಡವೇ ಬೇಡ ಎಂದರು. ಎರಡು ತಿಂಗಳು ಬೇರೊಬ್ಬರು ಸೌಂಡ್ ನೋಡಿದರು. ಕಾಂತೇಶ ಮೋಟರು ಸುತ್ತುತ್ತ ಕೂತರು.

ಮತ್ತೆ ಕರೆತಂದವರು ಶಿವಲೀಲಾ. ಯಾಕೆ ಎಂದು ಕೇಳಿದರೆ ಅವರ ಉತ್ತರ ಚುಟುಕು: "ಆರು ವರ್ಷ ಯಾರಿಗೂ ಗೊತ್ತಾಗದಂಗ ಒಂದು ಬೆರಳು ಕಮ್ಮಿ ಇಡಬೇಕಂದ್ರ ಎಂಥಾ ಕಿವಿ ಬೇಕ್ರಿ! ಆ ಕಿವಿ ನನಗ ಬೇಕು." ಕ್ಷಮಿಸಿದ್ದೀರಾ ಎಂಬುದಕ್ಕೆ, "ಇನ್ನೂ ಇಲ್ರಿ" ಎಂದು ನಕ್ಕರು.

ಆದರೆ ಒಂದು ಷರತ್ತು ಹಾಕಿದ್ದಾರೆ. ಈಗ ಪ್ರತಿ ಕಾರ್ಯಕ್ರಮಕ್ಕೆ ಮೊದಲು, ಮೈದಾನ ಖಾಲಿ ಇರುವಾಗ, ಗುರುಲಿಂಗಮ್ಮ ಕಟ್ಟಕಡೆಯ ಮೂಲೆಗೆ ಹೋಗಿ ನಿಲ್ಲುತ್ತಾರೆ. ಮಗಳು ಬಾರಿಸುತ್ತಾಳೆ. ಕಾಂತೇಶ ನಾಲ್ಕನೇ ವಾಲ್ಯೂಮನ್ನು ಮೆಲ್ಲಗೆ ಮೇಲೆ ತಳ್ಳುತ್ತಾರೆ. ಅಲ್ಲಿಂದ ತಾಯಿ ಕೈ ಎತ್ತಬೇಕು. ಎತ್ತುವ ತನಕ ಕಾರ್ಯಕ್ರಮ ಶುರುವಾಗುವುದಿಲ್ಲ. ನಿನ್ನೆ ಸಂಜೆ ಸುರಪುರದಲ್ಲಿ ಗುರುಲಿಂಗಮ್ಮ ಕೈ ಎತ್ತಿ, ಮತ್ತೆ ಇಳಿಸಿ, ಇನ್ನಷ್ಟು ಎಂದು ಸನ್ನೆ ಮಾಡಿದರು. ಕಾಂತೇಶ ಇನ್ನಷ್ಟು ತಳ್ಳಿದರು. 'ಕಾಲುವಿ ಕಡೀ ಹೊಲ'ದ ಗಿಟಾರು ಓಡಿದಾಗ ಜನ ಹಾಡು ಬಿಟ್ಟು ಶಿವಲೀಲಾ, ಶಿವಲೀಲಾ ಎಂದು ಕೂಗಿದರು.

ಕೊನೆಯ ವೈರು ಪೆಟ್ಟಿಗೆ ಸೇರುತ್ತದೆ. ಆ ಕೂಗು ಕೇಳಿದಾಗ ಖುಷಿಯಾಯಿತೇ ಎಂಬ ಪ್ರಶ್ನೆಗೆ ಕಾಂತೇಶ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ಖುಷಿ ಎಲ್ಲಿದ್ರಿ? ಹೊಟ್ಟಿ ಉರೀತು, ಧಗಧಗ ಅಂತ. ಇನ್ನೂ ಉರಿಯಾಕತ್ತದ. ಉರೀಲಿ ಬಿಡ್ರಿ. ಕೈ ಮಾತ್ರ ಕೆಳಗ ಇಳದಿಲ್ಲ."