ಬಂಡಲ್ ನಾಲ್ಕರ ಆರ್ಯನ್

ಹೋದ ತಿಂಗಳು ನನ್ನ ಮದುವೆಯ ಮಾತುಕತೆ ಆರ್ಯನ್ ಎಂಬ ಗಂಡಸಿನಿಂದಾಗಿ ಮುರಿದು ಬೀಳುವುದರಲ್ಲಿತ್ತು.

ಆರಡಿ ಎತ್ತರ. ಗಡ್ಡ. ಸ್ವಂತ ಕಾರು. ಬೆಂಗಳೂರಿನ ಹನ್ನೊಂದನೇ ಮಹಡಿಯ ಆಫೀಸಿನಲ್ಲಿ ಕೆಲಸ (ಏನು ಕೆಲಸ ಅಂತ ಕೇಳಬೇಡಿ, ಯಾರಿಗೂ ಗೊತ್ತಿಲ್ಲ). ನಾನು ಅವನನ್ನು ಕಂಡಿಲ್ಲ. ಕಾಣುವ ಸಾಧ್ಯತೆಯೂ ಇಲ್ಲ. ಯಾಕೆಂದರೆ ಅವನು ಒಂದು ಕಾದಂಬರಿಯ ತೊಂಬತ್ತೇಳನೇ ಪುಟದಲ್ಲಿ ಹುಟ್ಟಿ, ಇನ್ನೂರು ತುಂಬುವುದರೊಳಗೆ ದುಬೈಗೆ ಹೊರಟು ಹೋಗುವ ಮನುಷ್ಯ.

ಕಾದಂಬರಿಯೊಳಗಿನ ಆರ್ಯನ್ ರಾಯದುರ್ಗದ ಈ ಗಿರಿಜಳ ಮದುವೆಗೆ ಹೇಗೆ ಅಡ್ಡ ಬಂದ? ತಾಳಿ, ಹೇಳುತ್ತೇನೆ.

ವಾರವಾರ ಈ ಅಂಕಣ ಓದುವವರಿಗೆ ನಾನು ಹೊಸಬಳಲ್ಲ. ಹೊಸಬರಿಗಾಗಿ ಎರಡು ಮಾತು. ವಯಸ್ಸು ಮೂವತ್ತಾರು. ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಹತ್ತು ವರ್ಷ ಇದ್ದೆ. ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ, ಸೂಪರ್‌ವೈಸರ್ ಆಗಿ, ಬೈಸಿಕೊಂಡು, ಆಮೇಲೆ ಬೈದು, ವಾಪಸ್ ಬಂದು ಆಂಧ್ರದ ಗಡಿಯೊಳಗಿರುವ ನಮ್ಮೂರಲ್ಲೇ ಹದಿನಾರು ಮೆಷಿನ್ನಿನ ಜೀನ್ಸ್ ಯೂನಿಟ್ ಹಾಕಿದ್ದೇನೆ. ಕಟಿಂಗ್ ಮಾಸ್ಟರ್ ನಾನೇ. ಮದುವೆ ಆಗಿಲ್ಲ. (ಯಾಕೆ ಅಂತ ಕೇಳುವವರು ಸಾಲಾಗಿ ನಿಂತುಕೊಳ್ಳಿ. ಮಡಕಶಿರಾದ ನನ್ನ ಚಿಕ್ಕಮ್ಮ ಎಲ್ಲರಿಗಿಂತ ಮುಂದಿದ್ದಾಳೆ.)

ಪುಸ್ತಕ ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಕೊಂಡದ್ದು. ಮುಖಪುಟದಲ್ಲಿ ಒಬ್ಬಳು ಕಾಫಿ ಕಪ್ ಹಿಡಿದು ಕಿಟಕಿಯಾಚೆ ನೋಡುತ್ತಿದ್ದಳು. ಹಿಂದಿನ ರಟ್ಟಿನ ಮೇಲೆ, ಮೂವತ್ತು ದಾಟಿದ, ದುಡಿಯುವ, ಒಂಟಿ ಹೆಣ್ಣೊಬ್ಬಳು ತಾನೇ ಹೇಳಿಕೊಂಡ ಪ್ರೇಮಕಥೆ ಎಂದಿತ್ತು. ಅರೆ, ಇದು ನನ್ನದೇ ಕಥೆ ಅಂದುಕೊಂಡು ತಂದೆ.

ನನ್ನದಲ್ಲವೇ ಅಲ್ಲ. ಆ ಮಹಾತಾಯಿ ದಿನಕ್ಕೆ ಐದು ಸಲ ಕಾಫಿ ಕುಡಿಯುತ್ತಾಳೆ, ಒಂದು ಸಲವೂ ಕೆಲಸ ಮಾಡುವುದಿಲ್ಲ. ಪುಸ್ತಕದ ಉದ್ದಕ್ಕೂ ಜೀನ್ಸ್ ಹಾಕಿಕೊಂಡೇ ಇರುತ್ತಾಳೆ, ಅದನ್ನು ಹೊಲಿದವರು ಯಾರು ಅಂತ ಅವಳಿಗೆ ಒಮ್ಮೆಯೂ ಅನ್ನಿಸುವುದಿಲ್ಲ. ಲಿಫ್ಟಿನಲ್ಲಿ, ಮೀಟಿಂಗಿನಲ್ಲಿ, ಟೆರೇಸಿನಲ್ಲಿ, ಎಲ್ಲಿ ಹೋದರೂ ಚೆಂದದ ಗಂಡಸರು ಅವಳಿಗೆ ಡಿಕ್ಕಿ ಹೊಡೆದು 'ಸಾರಿ' ಅನ್ನುತ್ತಾರೆ. ಈ ಮೂವತ್ತಾರು ವರ್ಷದಲ್ಲಿ ನನಗೆ ಡಿಕ್ಕಿ ಹೊಡೆದದ್ದು ಬಟ್ಟೆ ಹೊತ್ತ ಒಂದು ಲಗೇಜ್ ಆಟೋ. ಅದೂ ಸಾರಿ ಅನ್ನಲಿಲ್ಲ.

ಆದರೂ ಎರಡೇ ದಿನಕ್ಕೆ ಓದಿ ಮುಗಿಸಿದೆ. (ನಿಮ್ಮ ಹತ್ತಿರ ಸುಳ್ಳೇಕೆ?)

ಆಮೇಲೆ ಅದು ಶಾಂತಮ್ಮನ ಕೈಗೆ ಹೋಯಿತು. ಶಾಂತಮ್ಮ ನಮ್ಮ ಯೂನಿಟ್ಟಿನ ಹಿರಿಯ ಟೈಲರ್. ಕನ್ನಡ ಮೀಡಿಯಂ. ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಗಟ್ಟಿಯಾಗಿ ಓದುವುದು, ತೆಲುಗು ಮೀಡಿಯಂನವರು ಬುತ್ತಿ ಬಿಚ್ಚಿಕೊಂಡು ಕೇಳುವುದು. ಕನ್ನಡ ಓದಲು ಬರುವವರು ಮನೆಗೂ ಒಯ್ದರು. ಬಿಸಿಲಿಗೋ ಎಳೆದಾಟಕ್ಕೋ ಬೈಂಡಿಂಗಿನ ಗೋಂದು ಕೈಕೊಟ್ಟಿತು. ಪುಸ್ತಕ ಹಾಳೆ ಹಾಳೆಯಾಯಿತು.

"ಅದಕ್ಯಾಕ ಚಿಂತಿ ಮಾಡ್ತೀರಿ ಅಕ್ಕಾ? ಬಂಡಲ್ ಕಟ್ಟಿದ್ರ ಮುಗೀತಲ್ರಿ," ಅಂದಳು ಶಾಂತಮ್ಮ.

ಜೀನ್ಸ್ ಕೆಲಸದಲ್ಲಿ ಹಾಗೊಂದು ಪದ್ಧತಿ. ಕತ್ತರಿಸಿದ ತುಂಡುಗಳನ್ನು ಸುಮ್ಮನೆ ಗುಡ್ಡೆ ಹಾಕಿದರೆ ಒಂದು ಪ್ಯಾಂಟಿನ ಬಲಗಾಲು ಇನ್ನೊಂದರ ಎಡಗಾಲಿಗೆ ಸೇರಿಬಿಡುತ್ತದೆ. ಅದಕ್ಕೇ ಅವನ್ನು ಚಿಂದಿ ಬಟ್ಟೆಯಲ್ಲಿ ಬಿಗಿದು, ಮೇಲೊಂದು ಟಿಕೆಟ್ ಸಿಕ್ಕಿಸುತ್ತೇವೆ. ಟಿಕೆಟ್ಟಿನಲ್ಲಿ ಬಂಡಲ್ ನಂಬರು, ಕೆಳಗೆ ಕತ್ತರಿಸಿದವರ ಹೆಸರು. ನಾಳೆ ತಪ್ಪು ಸಿಕ್ಕರೆ ಯಾರ ಜುಟ್ಟು ಹಿಡಿಯಬೇಕು ಅಂತ ಗೊತ್ತಾಗಬೇಕಲ್ಲ? ನಮ್ಮಲ್ಲಿ ಕತ್ತರಿಸುವವಳು ನಾನೊಬ್ಬಳೇ. ಹಾಗಾಗಿ ಟಿಕೆಟ್ಟುಗಳ ಮೇಲೆ 'ಗಿರಿಜ' ಅಂತ ನನ್ನ ಕೈಯಲ್ಲೇ ಮೊದಲೇ ಬರೆದಿಟ್ಟಿರುತ್ತೇನೆ.

ಶಾಂತಮ್ಮ ಕಾದಂಬರಿಯನ್ನು ಏಳು ಬಂಡಲ್ ಮಾಡಿದಳು. ಏಳಕ್ಕೂ ನನ್ನ ಹೆಸರಿನ ಟಿಕೆಟ್ ಬಿತ್ತು. ಓದುವುದು ಸಲೀಸಾಯಿತು, ಜಗಳ ಜಾಸ್ತಿಯಾಯಿತು. ಬಂಡಲ್ ಎರಡು ಓದಿದವರು 'ಪಾಪ, ಎಂಥ ಹುಡುಗಿ' ಅಂತ ಕಣ್ಣೀರು ಹಾಕಿದರೆ, ನೇರ ಆರಕ್ಕೆ ಹಾರಿದವರು 'ಥೂ, ಬಜಾರಿ' ಅನ್ನುತ್ತಿದ್ದರು. ಬಂಡಲ್ ನಾಲ್ಕಕ್ಕೆ ಮಾತ್ರ ಯಾವಾಗಲೂ ಕ್ಯೂ. ಆರ್ಯನ್, ಟೆರೇಸು, ಮುತ್ತು, ಎಲ್ಲ ಇರುವುದು ಅದರಲ್ಲೇ. ಜೀನ್ಸ್ ಬಣ್ಣ ಹತ್ತಿದ ಬೆರಳುಗಳು ತಿರುವಿ ತಿರುವಿ ಅದರ ಅಂಚೆಲ್ಲ ನೀಲಿಯಾಗಿತ್ತು.

ಇಂಥ ಹೊತ್ತಿನಲ್ಲೇ ಚಿಕ್ಕಮ್ಮನ ಫೋನು.

"ಗಿರಿಜಾ, ಒಳ್ಳೆ ಸಂಬಂಧ ಬಂದೈತೆ ಕಣವ್ವ. ನಮ್ಮೂರ ಹೈಸ್ಕೂಲಲ್ಲಿ ಲೆಕ್ಕದ ಮೇಷ್ಟ್ರು. ನಲವತ್ತೊಂದು. ಒಂದು ಮದ್ವೆ ಆಗಿ, ಹೆಂಡ್ತಿ ಎಂಟು ತಿಂಗ್ಳಿಗೆ ಬಿಟ್ಟೋಗಿ, ಕೋರ್ಟಲ್ಲಿ ಎಲ್ಲಾ ಇತ್ಯರ್ಥ ಆಗೈತೆ. ಪಾಪ, ನೊಂದಿರೋ ಮನ್ಸ. ನೀನು ಪೇಪರ್‌ಗೆ ಬರಿಯೋದು, ಪುಸ್ತಕ ಬರಿಯೋದು ಎಲ್ಲಾ ಹೇಳಿವ್ನಿ."

"ನಾನ್ಯಾವ ಪುಸ್ತಕ ಬರೆದೆ ಚಿಕ್ಕಮ್ಮಾ?"

"ಇವತ್ತಲ್ಲ ನಾಳೆ ಬರೀತೀಯ ಬಿಡು. ಸುಮ್ನೆ ಒಪ್ಕೊ. ಹುಚ್ಚು ಬಿಡೋಗಂಟ ಮದ್ವೆ ಆಗಲ್ಲ, ಮದ್ವೆ ಆಗೋಗಂಟ ಹುಚ್ಚು ಬಿಡಲ್ಲ."

ಉಪ್ಪಿಟ್ಟು ಹಂಚಿ, ತಲೆ ಬಗ್ಗಿಸಿ ಕೂರುವ ವಯಸ್ಸು ದಾಟಿದೆ. ನೋಡಬೇಕಾದರೆ ನಾನಿರುವ ಜಾಗಕ್ಕೆ ಬರಲಿ ಎಂದೆ. ಮೇಷ್ಟ್ರು ಎರಡು ಬಸ್ಸು ಬದಲಿಸಿ ಬಂದೇಬಿಟ್ಟರು. ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ಮೆಷಿನ್ನುಗಳ ನಡುವೆ ಓಡಾಡಿದರು. ಬಟ್ಟೆ ಉಳಿಯುವ ಹಾಗೆ ಅಳತೆಗಳನ್ನು ಹೇಗೆ ಕೂರಿಸುತ್ತೀರಿ ಅಂತ ಕೇಳಿದರು. ನಾನು ತೋರಿಸಿದೆ. "ಇದು ಜಾಮಿಟ್ರಿ ಅಲ್ವಾ!" ಅಂತ ಖುಷಿಪಟ್ಟರು.

ಆಮೇಲೆ ಅವರೇ ಹೇಳಿದರು: "ನೀವು ಯೂನಿಟ್ ಬಿಡೋದು ಬೇಡ. ನಾನು ಇಲ್ಲೇ ಪಕ್ಕದ ಕಣೇಕಲ್ಲಿಗೆ ಟ್ರಾನ್ಸ್‌ಫರ್ ಕೇಳ್ತೀನಿ. ಅಲ್ಲಿಂದ ದಿನಾ ಓಡಾಡಬಹುದು."

ನೋಡಿ, ಇದುವರೆಗೆ ನನ್ನನ್ನು ನೋಡಲು ಬಂದವರೆಲ್ಲ ಕೇಳಿದ್ದು ಒಂದೇ. ಮದುವೆ ಆದ ಮೇಲೆ ಮೆಷಿನ್ನುಗಳನ್ನು ಏನು ಮಾಡುತ್ತೀರಿ? ಮೆಷಿನ್ನು ಇರುವ ಊರಿಗೆ ನಾನೇ ಬರುತ್ತೇನೆ ಅಂದ ಮೊದಲ ಗಂಡಸು ಇವರು. ನನಗೆ ಇಷ್ಟವಾದರು. ತುಂಬಾನೇ ಇಷ್ಟವಾದರು. ಈ ಸಂಬಂಧ ಕೂಡಿ ಬರಲಿ ಅಂತ ಮನಸ್ಸಿನಲ್ಲೇ ದೇವರಿಗೆ ಅರ್ಜಿಯನ್ನೂ ಹಾಕಿದೆ.

ಅಷ್ಟರಲ್ಲಿ ಒಂದು ಮೆಷಿನ್ನು ಕೆಟ್ಟು ನಿಂತಿತು. "ಕೂತಿರಿ, ಬಂದೆ," ಅಂತ ಹೋದವಳು ಅರ್ಧ ಗಂಟೆ ಬರಲಿಲ್ಲ. ಮೇಷ್ಟ್ರು ಕೂತದ್ದು ನನ್ನ ಕಟಿಂಗ್ ಟೇಬಲ್ಲಿನ ಪಕ್ಕ. ಟೇಬಲ್ಲಿನ ಮೇಲಿದ್ದದ್ದು ಬಂಡಲ್ ನಾಲ್ಕು.

ವಾಪಸ್ ಬಂದಾಗ ಟೀ ಆರಿತ್ತು. ಮೇಷ್ಟ್ರು ನನ್ನನ್ನು ಹೊಸದಾಗಿ ಕಂಡವರಂತೆ ನೋಡಿದರು.

"ಬೆಂಗ್ಳೂರಲ್ಲಿ ಹತ್ತು ವರ್ಷ ಇದ್ರಿ, ಅಲ್ವಾ?"

"ಹೌದು."

"ನೀವು ಕೆಲ್ಸ ಮಾಡೋ ಕಡೆ ಟೆರೇಸು... ದೊಡ್ಡದಿತ್ತಾ?"

ಇದೇನು ಪ್ರಶ್ನೆ? ನಮ್ಮ ಫ್ಯಾಕ್ಟರಿಯಲ್ಲಿ ಊಟಕ್ಕೆ ಕೂರುತ್ತಿದ್ದದ್ದೇ ಟೆರೇಸಿನಲ್ಲಿ. "ದೊಡ್ಡದೇ. ದಿನಾ ಮಧ್ಯಾಹ್ನ ನಾವು ಅಲ್ಲೇ ಇರ್ತಿದ್ವಿ," ಅಂದೆ.

ಮೇಷ್ಟ್ರು ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದರು.

ಎರಡು ದಿನ ಬಿಟ್ಟು ಚಿಕ್ಕಮ್ಮನ ಫೋನು. ಹಲೋ ಇಲ್ಲ, ಏನಿಲ್ಲ. "ಯಾವನವ್ವ ಅವನು ಆರ್ಯನ್ನು?"

"ಯಾವ ಆರ್ಯನ್?"

"ನಂತಾವ ಮುಚ್ಚಿಡಬ್ಯಾಡ. ನೀನೇ ಎಲ್ಲಾ ಬರ್ದಿಟ್ಟಿದೀಯಂತೆ. ಅಚ್ಚೂ ಹಾಕ್ಸಿದೀಯಂತೆ. ನಿನ್ ಹೆಸ್ರು ಬೇರೆ ಬರ್ಕೊಂಡಿದೀಯಂತೆ! ಮೇಷ್ಟ್ರು ಕಣ್ಣಾರೆ ಓದವ್ರೆ."

ಫೋನಿನಲ್ಲಿ ಚಿಕ್ಕಮ್ಮ ಜೋರು. ಪಕ್ಕದಲ್ಲಿದ್ದ ಶಾಂತಮ್ಮನಿಗೂ ಕೇಳಿಸಿತು. "ಅಯ್ಯ ಅಕ್ಕಾ! ಆರ್ಯನ್ ಅಂದ್ರ ಬಂಡಲ್ ನಾಕರಾಗ ಬರ್ತಾನಲ್ರಿ!" ಅಂದವಳೇ ಬಾಯಿಗೆ ಸೆರಗು ಒತ್ತಿಕೊಂಡಳು. ಸುದ್ದಿ ಸಾಲಿನುದ್ದಕ್ಕೂ ಓಡಿತು. ಹದಿನಾರು ಮೆಷಿನ್ನೂ ನಿಂತವು. ನಕ್ಕು ನಕ್ಕು ಒಬ್ಬಳಿಗೆ ಬಿಕ್ಕಳಿಕೆ ಹತ್ತಿತು.

ರಟ್ಟಿಲ್ಲದ ಹಾಳೆ. 'ನಾನು, ನಾನು' ಅಂತ ಹೇಳಿಕೊಂಡು ಹೋಗುವ ನಾಯಕಿ. ಆರ್ಯನ್ ಅವಳನ್ನು ಡಿಯರ್ ಅಂತ ಬಿಟ್ಟರೆ ಹೆಸರು ಹಿಡಿದು ಕರೆಯುವುದೇ ಇಲ್ಲ. ಮೇಲೆ ನನ್ನ ಕೈಬರಹದಲ್ಲೇ ನನ್ನ ಹೆಸರು. ಲೆಕ್ಕದ ಮೇಷ್ಟ್ರು ಲೆಕ್ಕ ಕೂಡಿಸಿದ್ದರು.

ಅದು ಕಾದಂಬರಿ ಚಿಕ್ಕಮ್ಮಾ ಅಂದರೆ ಮುಗಿಯುತ್ತಿತ್ತು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಚಿಕ್ಕಮ್ಮ ಅಂದಳು: "ಆದ್ರೂ ನಿನ್ ಪುಣ್ಯ ದೊಡ್ಡದು. ಮೇಷ್ಟ್ರು ದೊಡ್ಡ ಮನಸ್ಸು ಮಾಡವ್ರೆ. ಕ್ಷಮ್ಸಿದೀನಿ ಅಂದವ್ರೆ. ಭಾನುವಾರ ಬತ್ತಾರೆ."

ಕ್ಷಮಿಸಿದ್ದಾರಂತೆ!

ಮೈಯೆಲ್ಲ ಉರಿದು ಹೋಯಿತು. ಕ್ಷಮಿಸಿ ಅಂತ ಯಾರು ಕೇಳಿದ್ದರು? ಅವರದು ಒಂದು ಮದುವೆ ಆಗಿ, ಕೋರ್ಟು ಮೆಟ್ಟಿಲು ಹತ್ತಿ ಇಳಿದದ್ದು. ಅದನ್ನು ಕೇಳಿದಾಗ ಚಿಕ್ಕಮ್ಮ ಪಾಪ ಅಂದಳು. ಶಾಂತಮ್ಮ ಪಾಪ ಅಂದಳು. ನಾನೂ ಪಾಪ ಅಂದೆ. ಗಂಡಸಿಗೆ ಹಿಂದೊಂದು ಕಥೆ ಇದ್ದರೆ ನೊಂದ ಮನುಷ್ಯ. ಹೆಂಗಸಿಗೆ ಇದ್ದರೆ ಕ್ಷಮಾರ್ಜಿ ಹಾಕಬೇಕಾ? ಅದೂ ಇನ್ಯಾರದೋ ಕಥೆಗೆ?

ನಿಜ ಹೇಳದೆ ಫೋನ್ ಇಟ್ಟೆ.

"ಅಕ್ಕಾ, ಹಟ ಬ್ಯಾಡ್ರಿ. ಇಂಥ ಮನಿಷ್ಯಾ ಮತ್ತ ಸಿಗಂಗಿಲ್ಲ," ಅಂದಳು ಶಾಂತಮ್ಮ. ಅದು ನನಗೂ ಗೊತ್ತಿತ್ತು. ಭಾನುವಾರದ ತನಕ ಮೂರು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಭಾನುವಾರ ಯೂನಿಟ್ಟಿಗೆ ರಜೆ. ಆದರೂ ಹದಿನಾರೂ ಜನ ಹಾಜರು, 'ಮೆಷಿನ್ ಒರೆಸೋದಿತ್ರಿ' ಅಂತ. ಮೇಷ್ಟ್ರು ಒಂದು ಚೀಲ ಹಸಿ ಕಡಲೆಕಾಯಿ ಹಿಡಿದು ಬಂದರು. ಗಂಟಲು ಸರಿ ಮಾಡಿಕೊಂಡರು.

"ನೋಡಿ, ಹಳೇದೆಲ್ಲಾ ನಂಗೆ ಬೇಡ. ನಾನು ಕ್ಷಮಿಸಿದೀನಿ."

"ಸಂತೋಷ. ನಾನೂ ಕ್ಷಮಿಸಿದೀನಿ," ಅಂದೆ.

"ಯಾರನ್ನ?"

"ನಿಮ್ಮನ್ನ. ಆ ಎಂಟು ತಿಂಗಳ ಸಂಸಾರಕ್ಕೆ."

ಅವರ ಮುಖ ಇಂಗು ತಿಂದ ಮಂಗನಂತಾಯಿತು. "ಅದು... ಅದು ಬೇರೆ."

"ಹೇಗೆ ಬೇರೆ?"

ಬೋರ್ಡಿನ ಮೇಲೆ ಎಂಥೆಂಥ ಲೆಕ್ಕ ಬಿಡಿಸುವ ಮನುಷ್ಯ. ಇದಕ್ಕೆ ಜೇಬಿನ ಎರಡು ಪೆನ್ನುಗಳನ್ನೂ ಮುಟ್ಟಿ ನೋಡಿಕೊಂಡರು.

ಆಮೇಲೆ ನಾನು ಏಳೂ ಬಂಡಲ್ಲುಗಳನ್ನು ತಂದು ಸಾಲಾಗಿ ಇಟ್ಟೆ. ಒಂದನೆಯದರ ಚಿಂದಿ ಬಿಚ್ಚಿ, ಬರೆದವರ ಹೆಸರಿರುವ ಹಾಳೆಯನ್ನು ಅವರ ಕೈಗೆ ಕೊಟ್ಟೆ. ಓದಿದರು. ಟಿಕೆಟ್ಟು ನೋಡಿದರು. ಗೋಡೆ ಪಕ್ಕದ ಜೀನ್ಸ್ ಬಂಡಲ್ಲುಗಳ ಮೇಲೆ ನೇತಾಡುತ್ತಿದ್ದ ಅಂಥದೇ ಟಿಕೆಟ್ಟುಗಳನ್ನು ನೋಡಿದರು. ಕಿವಿಯ ತನಕ ಕೆಂಪಾದರು.

"ಸಾರ್, ಬಂಡಲ್ ಐದೂ ಕೊಡ್ಲೇನ್ರಿ? ಅದ್ರಾಗ ಇನ್ನಾ ಐತ್ರಿ," ಅಂದಳು ಶಾಂತಮ್ಮ.

ಎಲ್ಲರೂ ಗೊಳ್ಳೆಂದರು. ಮೇಷ್ಟ್ರೂ ನಕ್ಕರು. ನಗು ಚೆನ್ನಾಗಿದೆ ಅವರದು. ನಾನೂ ನಕ್ಕೆ. ಎಲ್ಲಾ ಸುಖಾಂತ್ಯ ಅಂದುಕೊಳ್ಳುತ್ತಿರುವಾಗ ಅವರು ಎದೆ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟರು.

"ಅಬ್ಬಾ! ಹಂಗಾದ್ರೆ ನಿಮ್ಗೆ ಯಾರೂ ಇರ್ಲಿಲ್ಲ. ಅಲ್ವಾ?"

ಸಾಲಿನಲ್ಲಿ ನಗು ನಿಂತಿತು. 'ಹೂಂ ಅನ್ರಿ ಅಕ್ಕಾ' ಅಂತ ಶಾಂತಮ್ಮ ಕಣ್ಣಲ್ಲೇ ಅಂಗಲಾಚಿದಳು. ಒಂದೇ ಒಂದು ಹೂಂ. ಅಷ್ಟಂದರೆ ಮದುವೆ ನಿಶ್ಚಯ, ಕಣೇಕಲ್ಲಿಗೆ ಟ್ರಾನ್ಸ್‌ಫರ್, ಈ ಚೆಂದದ ನಗು ದಿನಾ ನನ್ನದು.

"ಇದ್ದರು ಅಂತ ಇಟ್ಕೊಳ್ಳಿ ಮೇಷ್ಟ್ರೆ," ಅಂದೆ. "ಆಗ ಟ್ರಾನ್ಸ್‌ಫರ್ ಅರ್ಜಿ ಹಾಕ್ತೀರೋ, ಇಲ್ವೋ?"

ಅವರು ಕೈಯಲ್ಲಿದ್ದ ಹಾಳೆಯನ್ನು ಒಂದನೇ ಬಂಡಲ್ಲಿಗೆ ಸೇರಿಸಿಟ್ಟರು. ಯೋಚನೆ ಮಾಡಿ ಹೇಳ್ತೀನಿ ಅಂದರು. ಹೋದರು. ಶಾಂತಮ್ಮ ನನ್ನ ಮೇಲಿನ ಸಿಟ್ಟನ್ನೆಲ್ಲ ಕಡಲೆಕಾಯಿಯ ಮೇಲೆ ತೀರಿಸಿಕೊಳ್ಳುತ್ತ, "ನಿಮ್ಮ ನಾಲಿಗಿಗೆ ಬೆಂಕಿ ಹಾಕ," ಅಂತ ಪಟಪಟ ಸುಲಿದಳು. ನಾನು ಕತ್ತರಿ ಹಿಡಿದು ಸುಮ್ಮನೆ ನಿಂತಿದ್ದೆ. ಅಳು ಬಂದಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಎರಡು ವಾರ ಸುದ್ದಿ ಇಲ್ಲ. ಮೊನ್ನೆ ಸಂಜೆ ಫೋನು. ಮೇಷ್ಟ್ರೇ.

"ಅರ್ಜಿ ಹಾಕಿದೀನಿ ಕಣ್ರಿ." ನನ್ನ ಎದೆ ಒಮ್ಮೆ ಹಾರಿತು. "ಆದ್ರೆ ಒಂದೇ ಒಂದು ಹೇಳ್ಬಿಡಿ. ಇದ್ರಾ, ಇರ್ಲಿಲ್ವಾ?"

"ಕಣೇಕಲ್ಲಿಗೆ ಬನ್ನಿ. ಆಮೇಲೆ ಹೇಳ್ತೀನಿ," ಅಂದೆ.

ನೀವೂ ಅದನ್ನೇ ಕೇಳಬೇಕು ಅಂತಿದ್ದೀರಿ, ನನಗೆ ಗೊತ್ತು. ಬೆಂಗಳೂರಿನ ಆ ಹತ್ತು ವರ್ಷದಲ್ಲಿ ಗಿರಿಜಳಿಗೆ ನಿಜವಾಗಿ ಯಾರಾದರೂ ಇದ್ದರಾ?

ಅಲ್ಲ ಸ್ವಾಮಿ, ಮೇಷ್ಟ್ರ ಹೆಂಡತಿ ಎಂಟೇ ತಿಂಗಳಿಗೆ ಯಾಕೆ ಬಿಟ್ಟು ಹೋದಳು ಅಂತ ನಿಮ್ಮಲ್ಲಿ ಒಬ್ಬರಿಗಾದರೂ ಕೇಳಬೇಕು ಅನ್ನಿಸಿತಾ?