ಶಾಂತಾಬಾಯಿಯ ಉಪ್ಪಿಟ್ಟು, ಸನಮಳ ರೋಜಾ

ಬೆಳಗಾವಿ ಶಹಾಪುರದ ಶಾಂತಾಬಾಯಿ ಬಹಳ ಕರುಣಾಳು ಎಂದು ಹೊಗಳುವವರು ಅವರ ಕೈಯ ಉಪ್ಪಿಟ್ಟು ತಿಂದವರಲ್ಲ. ಅದನ್ನು ನುಂಗಲು ಒಂದು ತಂಬಿಗೆ ನೀರು ಬೇಕು. ಆದರೂ ಶಾಲೆ ಬಿಟ್ಟೊಡನೆ ಓಣಿಯ ಮಕ್ಕಳು ಅವರ ಪಡಸಾಲೆಗೇ ಬರುತ್ತಾರೆ. ತಂದೆತಾಯಿ ಪವರ್‌ಲೂಮಿನಿಂದ ಮರಳುವುದು ಕತ್ತಲಾದ ಮೇಲೆ. ಅಲ್ಲಿಯವರೆಗೆ ಮಕ್ಕಳಿಗೆ ಬಾಗಿಲು ತೆರೆದಿರುವ ಮನೆ ಇದೊಂದೇ.

ಶಾಂತಾಬಾಯಿ ಖಾನಾಪುರದವರು. ಅಲ್ಲಿಯ ಮರಾಠಿ ಶಾಲೆಯಲ್ಲಿ ಏಳನೆಯವರೆಗೆ ಓದಿದವರು. ಹಾಗಾಗಿ ಮಕ್ಕಳಿಗೆ ‘ಬೇ ಏಕೆ ಬೇ’ ಎಂದು ಮರಾಠಿ ಮಗ್ಗಿಯನ್ನೇ ಹೇಳಿಸುತ್ತಾರೆ. ಮಕ್ಕಳು ಮರಾಠಿಯಲ್ಲಿ ಗುಣಿಸಿ ಕನ್ನಡದಲ್ಲಿ ಬರೆಯುತ್ತಾರೆ. ಉತ್ತರ ಸರಿಯಿರುವುದರಿಂದ ಪಕ್ಕದ ಮನೆಯವಳಾದ ನಾನು ಬಾಯಿ ಹಾಕಿಲ್ಲ. ಅವರ ಪ್ರೋತ್ಸಾಹವೆಂದರೆ ಬೈಗುಳ: “ಕತ್ತೆ, ಇಷ್ಟು ಬರ್ತೈತಿ, ಉಳದದ್ದು ಯಾಕ ಬರೂದಿಲ್ಲ? ಹಿಡದ ಕೆಲಸ ಅರ್ಧಕ್ಕ ಬಿಡಬ್ಯಾಡ!”

ಅವರದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಬಡಿಸುವುದೂ ಇಲ್ಲ. ಯಾವ ಮಗುವೂ ಹಸಿದು ಮನೆಗೆ ಹೋಗಕೂಡದು ಎಂಬುದು ಅವರ ಇನ್ನೊಂದು ನಿಯಮ. ಎರಡೂ ನಿಯಮಗಳು ಜಗಳವಾಡದೆ ನಡೆದಿದ್ದವು. ಕಳೆದ ರಮಜಾನಿನಲ್ಲಿ ನಾಲ್ಕನೇ ತರಗತಿಯ ಸನಮ ಮೊದಲ ರೋಜಾ ಹಿಡಿದಳು; ಹೊತ್ತು ಮುಳುಗುವವರೆಗೆ ನೀರೂ ಮುಟ್ಟದ ಉಪವಾಸ.

ಈ ಹುಡುಗಿ ಯಾವುದನ್ನೂ ಪೂರ್ತಿ ಮಾಡಿದವಳಲ್ಲ. ತನ್ನ ಹೆಸರು ಬರೆಯುವಾಗಲೂ ಕೊನೆಯ ಅಕ್ಷರಕ್ಕೆ ಬೇಸರ ಬರುತ್ತಿತ್ತು. ಮಧ್ಯಾಹ್ನಕ್ಕೇ ರೋಜಾ ಬಿಡುತ್ತಾಳೆಂದು ಅಣ್ಣಂದಿರು ನಕ್ಕಿದ್ದರು. ಸಂಜೆಯಾದರೂ ಬಿಟ್ಟಿರಲಿಲ್ಲ.

“ಹೊತ್ತು ಇಳಿಯಾಕತ್ತೈತಿ. ತಿನ್ನ, ಸನಮಾ,” ಎಂದರು ಶಾಂತಾಬಾಯಿ.

“ಮುಳುಗಿದ ಮ್ಯಾಲ ತಿಂತೇನ್ರಿ ಆಯಿ.”

“ಮುಳುಗಿದ ಮ್ಯಾಲ ನಾ ಬಡಸೂದಿಲ್ಲ.”

“ಮುಳುಗೂಕಿಂತ ಮೊದ್ಲ ನಾ ತಿನ್ನೂದಿಲ್ರಿ.”

“ಮೊಂಡಿ! ಯಾರು ಕಲಿಸಿದ್ರು ಇದನ್ನ?”

“ನೀವ ರೀ. ಹಿಡದದ್ದು ಅರ್ಧಕ್ಕ ಬಿಡಬ್ಯಾಡ ಅಂತ ದಿನಾ ಬೈತೀರಲ್ಲ!”

ಶಾಂತಾಬಾಯಿ ಒಳಗೆ ಹೋಗಿ ಒಂದು ತಾಟು ಉಪ್ಪಿಟ್ಟು ತಂದು ಅಂಗಳದ ಕಟ್ಟೆಯ ಮೇಲೆ ಕುಕ್ಕಿದರು.

“ಬೆಳಕಿನಾಗ ಬಡಿಸೇನಿ, ನನ್ನ ಕೆಲಸ ಮುಗೀತು. ಯಾವಾಗ ತಿಂತಿ, ಅದು ನಿನ್ನ ಕಾರಭಾರ.”

ಆದರೆ ಕೆಲಸ ಮುಗಿದಿರಲಿಲ್ಲ. ಆಗಲೇ ಎರಡು ತಾಟು ಮುಗಿಸಿದ್ದ ಓಣಿಯ ಹುಡುಗ ಪ್ರಸಾದ ಕಟ್ಟೆಯತ್ತ ಸರಿದ.

“ಸನಮಾ, ನಿನ್ನ ಸಲುವಾಗಿ ಹೇಳ್ತೀನಿ. ಇದು ಆರಿದ್ರ ಇಟ್ಟಂಗಿ ಆಗತೈತಿ. ನಾ ತಿಂದ ಬಿಡ್ಲಿ?”

ಹಿಂದೆಯೇ ಬೆಕ್ಕೂ ಬಂತು. ಶಾಂತಾಬಾಯಿ ಕೋಲು ಹಿಡಿದು ತಾಟಿನ ಪಕ್ಕ ಕಾವಲು ಕುಳಿತರು.

“ಆಯಿ, ಹೊತ್ತಾತು. ನೀವು ಉಂಡ ಬರ್ರಿ,” ಎಂದಳು ಸನಮ.

“ಈ ಪ್ರಸಾದನ್ನ ಇಲ್ಲಿ ಬಿಟ್ಟು? ತಾಟೂ ಉಳಿಯೂದಿಲ್ಲ.”

ಕೊನೆಗೆ ಮಸೀದಿಯಿಂದ ಆಜಾನ್ ಕೇಳಿಸಿತು. ಸನಮ ನೀರು ಕುಡಿದಳು, ತಾಟಿಗೆ ಕೈ ಹಾಕಿದಳು. ಪ್ರಸಾದ ಹೇಳಿದಂತೆ ಅದು ಇಟ್ಟಿಗೆಯೇ ಆಗಿತ್ತು. ಒಂದು ಕಾಳೂ ಬಿಡದೆ ಮುಗಿಸಿದಳು.

ಶಾಂತಾಬಾಯಿ ತೃಪ್ತಿಯಿಂದ ಎದ್ದರು; ಎದ್ದವರು ಅಲ್ಲೇ ನಿಂತರು. ಒಳಗೆ ಅವರ ರೊಟ್ಟಿ ಮುಚ್ಚಿಟ್ಟಂತೆಯೇ ಇತ್ತು. ಹೊತ್ತು ಮುಳುಗಿತ್ತು. ಇನ್ನು ಊಟ ಬೆಳಗಾದ ಮೇಲೆಯೇ.

“ಹಂಗಾರ ಆ ರೊಟ್ಟಿ…” ಎಂದ ಪ್ರಸಾದ.

“ಕತ್ತಲಾತು, ಬಡಸೂದಿಲ್ಲ!”

“ಬಡಸಬ್ಯಾಡ್ರಿ. ನಾನ ತಗೋತೀನಿ.”

ಕೋಲು ಮೇಲೆದ್ದಿತು, ಪ್ರಸಾದ ಓಣಿ ಸೇರಿದ. ಸನಮ ಬೆರಳು ನೆಕ್ಕುತ್ತ ಕೂತಿದ್ದಳು.

“ಆಯಿ, ಈಗ ನಿಮ್ಮ ರೋಜಾ ಚಾಲೂ ಆತಲ್ರಿ. ಅರ್ಧಕ್ಕ ಬಿಡಬ್ಯಾಡ್ರಿ ಮತ್ತ!”