ನನಗೆ ಬೀಳದ ಎರಡು ವೋಟು

ತಾತನ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ರೇಷ್ಮೆಗೂಡು ಬೇಯುವ ಬಿಸಿನೀರಿನಲ್ಲಿ ನಲವತ್ತು ವರ್ಷ ಎಳೆ ಹುಡುಕಿ ಹುಡುಕಿ ಗೆರೆಗಳೆಲ್ಲ ಅಳಿಸಿಹೋಗಿ, ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಷೀನು ಅವರನ್ನು ಗುರುತೇ ಹಿಡಿಯುತ್ತಿರಲಿಲ್ಲ. ಆದರೆ ಚುನಾವಣೆಯ ಶಾಯಿ ಮಾತ್ರ ಆ ಬಿಳಿ ಬೆರಳಿನ ಮೇಲೆ ಎಲ್ಲರದಕ್ಕಿಂತ ಕಪ್ಪಗೆ ಕಾಣುತ್ತಿತ್ತು. ವಾರವಿಡೀ ಅದನ್ನು ಊರಿಗೆಲ್ಲ ತೋರಿಸಿಕೊಂಡು ತಿರುಗುತ್ತಿದ್ದರು.

ರಾಮನಗರದ ಮಗ್ಗುಲಲ್ಲಿರುವ ನಮ್ಮೂರಿನಲ್ಲಿ ಎಲ್ಲರಿಗೂ ಅವರು ಬರ್ಮಾ ತಾತ. ಹುಟ್ಟಿದ್ದು ರಂಗೂನಿನಲ್ಲಿ. ಅಲ್ಲಿ ಮಿಲಿಟರಿ ಆಡಳಿತ ಬಂದು ಅಪ್ಪನ ಅಂಗಡಿ ಹೋದ ಮೇಲೆ, ಹದಿನೆಂಟರ ವಯಸ್ಸಿಗೆ ಹಡಗು ಹತ್ತಿ ಮದ್ರಾಸಿಗೆ ಬಂದು, ಕೆಲಸ ಹುಡುಕುತ್ತ ಇಲ್ಲಿ ನೂಲು ಬಿಚ್ಚುವ ಕೆಲಸಕ್ಕೆ ಸೇರಿದವರು. ನಮ್ಮ ಪಕ್ಕದ ಮನೆ. ದಿನಾ ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಕಾಫಿ ಆಗಬೇಕು, ಯಾರನ್ನಾದರೂ ಬಯ್ಯದೆ ಆ ಕಾಫಿ ಇಳಿಯುತ್ತಿರಲಿಲ್ಲ. ಸರ್ಕಾರ, ಪಂಚಾಯ್ತಿ, ಚರಂಡಿ, ಕೊನೆಗೆ ನನ್ನ ಕಾಫಿಯನ್ನೂ ಬಿಡುತ್ತಿರಲಿಲ್ಲ.

ನಾನು ಮೊದಲ ಸಲ ಪಂಚಾಯ್ತಿಗೆ ನಿಂತಾಗ ಅವರ ವೋಟು ಗ್ಯಾರಂಟಿ ಎಂದುಕೊಂಡಿದ್ದೆ. ಏಳು ವೋಟಿನಲ್ಲಿ ಸೋತೆ. ಮಾರನೆಯ ಬೆಳಿಗ್ಗೆ ಬಂದು ಕೂತವರೇ, "ನಿಂಗೆ ಓಟ್ ಹಾಕ್ನಿಲ್ಲ ಕಣವ್ವ. ಕಾಫಿ ಕೊಡು," ಎಂದರು.

ಮೈ ಉರಿದುಹೋಯಿತು. "ಯಾಕ್ ತಾತ? ನಾನೇನ್ ಮಾಡಿದ್ದೆ?"

"ಪ್ರಚಾರದಲ್ಲಿ ಏನಂದೆ? ದೊಣ್ಣೆ ಹಿಡ್ಕಂಡೋನೊಬ್ಬ ಬಂದ್ರೆ ದೇಶ ಸರಿಹೋಯ್ತದೆ ಅಂದೆ. ಆ ದೊಣ್ಣೆಯೋನ್ನ ನಾನು ರಂಗೂನಲ್ಲೇ ಕಂಡಿವ್ನಿ. ಬಂದ ಹೊಸದ್ರಲ್ಲಿ ಬೀದಿ ಎಲ್ಲಾ ಕ್ಲೀನ್ ಮಾಡಿಸ್ದ. ನಾನೂ ಚಪ್ಪಾಳೆ ಹೊಡೆದೆ. ಆಮೇಲೆ ನಮ್ಮಪ್ಪನ ಅಂಗಡಿಗೇ ಬೀಗ ಜಡಿದ. ಯಾಕೆ ಅಂತ ಕೇಳೋಕೆ ಒಬ್ಬನಿಗೂ ಬಾಯಿರ್ಲಿಲ್ಲ. ಇಲ್ನೋಡು, ನಿನ್ನ ಸೋಲಿಸ್ಬುಟ್ಟು ನಿನ್ನ ಜಗಲಿ ಮೇಲೇ ಕುಂತಿವ್ನಿ."

ಕಾಫಿ ಕೊಡಲಿಲ್ಲ. ಒಂಬತ್ತು ದಿನ ಕೊಡಲಿಲ್ಲ. ಒಂಬತ್ತು ದಿನವೂ ಬಂದು, ಪೇಪರು ಓದಿ ಎದ್ದುಹೋದರು. ಹತ್ತನೆಯ ದಿನ ಲೋಟ ತಂದಿಟ್ಟೆ. "ಸಕ್ಕರೆ ಒಸಿ ಕಮ್ಮಿ," ಎಂದರು.

ಮುಂದಿನ ಚುನಾವಣೆಯಲ್ಲಿ ನನ್ನನ್ನು ಅವಿರೋಧವಾಗಿ ಆರಿಸುವುದೆಂದು ಊರಿನ ಹಿರಿಯರು ಸೇರಿ ತೀರ್ಮಾನಿಸಿದರು. ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು ಮಾತ್ರ ಯಾರೆಷ್ಟು ಹೇಳಿದರೂ ನಾಮಪತ್ರ ವಾಪಸ್ಸು ಪಡೆಯಲಿಲ್ಲ. ಅವಳನ್ನು ಕಂಡರೆ ನನಗೆ ಕೋಪ. ಚುನಾವಣೆ ನಡೆದು ನಾನೇ ಸುಲಭವಾಗಿ ಗೆದ್ದೆ. ಮಾರನೆಯ ಬೆಳಿಗ್ಗೆ ತಾತ ಶಾಯಿಯ ಬೆರಳು ಎತ್ತಿಕೊಂಡೇ ಬಂದರು.

"ಈ ಸಲಾನೂ ನಿಂಗೆ ಹಾಕ್ನಿಲ್ಲ ಕಣವ್ವ."

ನಗು ಬಂತು. "ಈ ಸಲ ದೊಣ್ಣೆ ಮಾತೇ ಆಡ್ಲಿಲ್ವಲ್ಲ ತಾತ!"

"ನೀನು ಗೆಲ್ತೀಯ ಅಂತ ಗೊತ್ತಿತ್ತು. ವಾಪಸ್ ತಗೋಬ್ಯಾಡ ಅಂತ ಆ ಹುಡುಗಿಗೆ ಹೇಳ್ದೋನೂ ನಾನೇ. ಎದುರು ನಿಲ್ಲೋರೇ ಇಲ್ದಿರೋ ದೇಶ ಬುಟ್ಟು ಬಂದೋನು ನಾನು. ಇಲ್ಲಿ ಹಂಗಾಗ್ಬಾರ್ದು. ಸರಿ, ಗೆದ್ದಾಯ್ತಲ್ಲ, ಚರಂಡಿ ಯಾವಾಗ?"

ಹೋದ ಚಳಿಗಾಲದಲ್ಲಿ ತಾತ ತೀರಿಕೊಂಡರು. ಚರಂಡಿ ಆಗಿತ್ತು, ಅದರ ಕಲ್ಲು ಸರಿಯಿಲ್ಲವೆಂದು ಹಿಂದಿನ ದಿನವೂ ನನ್ನನ್ನು ಬೈದಿದ್ದರು. ಹಾಗೆ ಬಯ್ಯುವವರು ಇನ್ನು ಯಾರಿದ್ದಾರೆ ಎಂದು ತುಂಬ ಅತ್ತೆ.

ತಿಥಿಯ ದಿನ ಬಟ್ಟೆ ಹೊಲಿಯುವ ಆ ಹೆಣ್ಣುಮಗಳೂ ಬಂದಿದ್ದಳು. "ಇನ್ನು ಎಲೆಕ್ಷನ್ ಸಾಕಕ್ಕ," ಎಂದಳು. "ನನ್ ಕಡೆ ಅಂತ ಇದ್ದೋರು ತಾತ ಒಬ್ರೇ."

ಅವಳನ್ನು ನಮ್ಮ ಜಗಲಿಗೆ ಕರೆತಂದು, ತಾತ ಕೂರುತ್ತಿದ್ದ ಜಾಗದಲ್ಲೇ ಕೂರಿಸಿ ಕಾಫಿ ಕೊಟ್ಟೆ.

"ಬರೋ ಸಲಾನೂ ನನ್ನೆದುರು ನಿಲ್ಲು," ಎಂದೆ. "ನಾಮಪತ್ರಕ್ಕೆ ಸೂಚಕರು ಯಾರೂ ಸಿಗದಿದ್ರೆ, ಸಹಿ ನಾನೇ ಹಾಕ್ತೀನಿ."